ಕಾರು ಹೊಳೆಯಿತು, ಪ್ಯಾಡಿನ ಗತಿ?

ಕಾರಿನ ಮೈಗೆ ವ್ಯಾಕ್ಸ್ ಹಚ್ಚಿದ ಸ್ಪಂಜು, ಟೈರಿಗೆ ಹೊಳಪು ಬಳಿದ ಪ್ಯಾಡು, ಬಣ್ಣದ ಮೇಲೆ ಗಟ್ಟಿ ಪದರವಾಗಿ ಕೂರುವ ಸೆರಾಮಿಕ್ ಕೋಟಿಂಗ್ ಎಳೆದ ಪುಟ್ಟ ಸ್ವೇಡ್ (ನವಿರು ಚರ್ಮದಂಥ) ಬಟ್ಟೆ. ಕೆಲಸ ಮುಗಿದ ಮೇಲೆ ಮೂರನ್ನೂ ಒಂದೇ ಬಕೆಟ್ಟಿಗೆ ಹಾಕಿ ಸೋಪಿನ ಪುಡಿ ಸುರಿಯುವುದು ರೂಢಿ. ಒಣಗಿದ ಮೇಲೆ ನೋಡಿದರೆ ಒಂದು ಮೆತ್ತಗಾಗಿರುತ್ತದೆ, ಇನ್ನೊಂದರ ಜಿಡ್ಡು ಹಾಗೇ ಇರುತ್ತದೆ, ಮತ್ತೊಂದನ್ನು ಮಡಚಿದರೆ ಕಟಕಟ ಎನ್ನುತ್ತದೆ. ಇದರಲ್ಲಿ ಸೋಪಿನ ತಪ್ಪೇನೂ ಇಲ್ಲ. ಪ್ಯಾಡಿನೊಳಗೆ ಉಳಿದದ್ದರಲ್ಲಿ ಬಹುಪಾಲು ನಾವೇ ದುಡ್ಡು ಕೊಟ್ಟು ತಂದ ಮಾಲು. ಅದು ಹೇಗೆ ಒಣಗುತ್ತದೆ ಎಂಬುದರ ಮೇಲೆ ಪ್ಯಾಡಿನ ಮರುಬಳಕೆ ನಿಂತಿದೆ.

ವ್ಯಾಕ್ಸ್ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಕಾಣುವ ಕಾರ್ನೌಬಾ, ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯ ಮೇಣ. ಎಲೆಯ ತೇವ ಆರದಿರಲೆಂದು ಮರವೇ ಮಾಡಿಕೊಂಡ ಲೇಪವಿದು. ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಪ್ಪಟ ಕಾರ್ನೌಬಾ ತೀರಾ ಗಟ್ಟಿ, ಹಚ್ಚಲು ಬರುವುದಿಲ್ಲ. ಹಾಗಾಗಿ ಮೆದು ಮೇಣಗಳನ್ನೂ ಪೆಟ್ರೋಲಿಯಂ ದ್ರಾವಕವನ್ನೂ ಬೆರೆಸಿ ಪೇಸ್ಟ್ ಮಾಡುತ್ತಾರೆ. ಹಚ್ಚಿದ ಮೇಲೆ ದ್ರಾವಕ ಹಾರಿಹೋಗಿ ಮೇಣವಷ್ಟೇ ಉಳಿಯುತ್ತದೆ. ಇಲ್ಲಿ ರಾಸಾಯನಿಕ ಕ್ರಿಯೆ ಏನೂ ನಡೆದಿಲ್ಲ. ಮೇಣ ಮೇಣವಾಗಿಯೇ ಇದೆ, ಆದ್ದರಿಂದ ಅದನ್ನು ಬಿಡಿಸಲೂ ಬರುತ್ತದೆ.

ಹಲಸಿನ ಹಣ್ಣು ಬಿಡಿಸಿ ಗೊತ್ತಿದ್ದವರಿಗೆ ದಾರಿ ಹೇಳಿಕೊಡಬೇಕಿಲ್ಲ. ಕೈಗೆ ಮೆತ್ತಿದ ಅಂಟು ಬರೀ ನೀರಿಗೆ ಬಗ್ಗದು. ಕೊಬ್ಬರಿ ಎಣ್ಣೆ ತಿಕ್ಕಿದರೆ ಸಡಿಲವಾಗುತ್ತದೆ, ಆಮೇಲೆ ಆ ಎಣ್ಣೆಯನ್ನು ಸೋಪು ತೆಗೆಯುತ್ತದೆ. ವ್ಯಾಕ್ಸ್ ಪ್ಯಾಡಿಗೆ ಎಣ್ಣೆಯ ಜಾಗದಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು, ಆದರೆ ಅದನ್ನು ಒಣ ಪ್ಯಾಡಿಗೇ ಹಾಕಬೇಕು. ಮೊದಲೇ ನೆನೆಸಿಬಿಟ್ಟರೆ ಸ್ಪಂಜಿನ ರಂಧ್ರಗಳೆಲ್ಲ ನೀರು ತುಂಬಿಕೊಂಡು ಲಿಕ್ವಿಡ್ಡಿಗೆ ಎಡೆ ಸಿಗುವುದಿಲ್ಲ. ಅದರ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಹತ್ತು ನಿಮಿಷ ಬಿಟ್ಟು ಹಿಸುಕಿ, ಬೆಚ್ಚಗಿನ ನೀರಿನಲ್ಲಿ ಜಾಲಿಸಿದರೆ ಹಾಲಿನ ಬಣ್ಣದ ನೀರು ಬರುತ್ತದೆ. ಅದು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲುತ್ತಿರುವ ಮೇಣ. ನೀರು ತಿಳಿಯಾಗುವವರೆಗೆ ಹಿಸುಕುತ್ತಿರಬೇಕು.

ಕುದಿಯುವ ನೀರು ಸುರಿದರೆ ಮೇಣ ತಾನೇ ಕರಗುವುದಿಲ್ಲವೇ? ಕರಗುತ್ತದೆ. ಕರಗಿ ಇನ್ನೂ ಒಳಗಿಳಿದು, ಆರಿದ ಮೇಲೆ ಅಲ್ಲೇ ಹೆಪ್ಪುಗಟ್ಟುತ್ತದೆ. ಜೊತೆಗೆ ಪ್ಯಾಡು ಮೈಕ್ರೋಫೈಬರಿನದಾದರೆ, ಅಂದರೆ ಅತಿತೆಳು ಕೃತಕ ಎಳೆಗಳ ಬಟ್ಟೆಯದಾದರೆ, ಅದರ ಪಾಲಿಯೆಸ್ಟರ್ ಎಳೆ ಕರಗಲು 250 ಡಿಗ್ರಿ ದಾಟಬೇಕಾದರೂ ಸುಮಾರು 70–80 ಡಿಗ್ರಿಗೇ ಅದರ ಬಿಗುವು ಸಡಿಲವಾಗುತ್ತದೆ, ಎಳೆಯ ಆಕಾರ ಕೆಡಬಹುದು.

ಮೈಕ್ರೋಫೈಬರಿನ ಗುಣವೆಲ್ಲ ಇರುವುದು ಆ ಆಕಾರದಲ್ಲೇ. 9,000 ಮೀಟರ್ ಉದ್ದದ ಎಳೆ 1 ಗ್ರಾಂ ತೂಗಿದರೆ ಅದು 1 ಡೆನಿಯರ್. ಮೈಕ್ರೋಫೈಬರ್ ಅದಕ್ಕಿಂತಲೂ ತೆಳು. ಲೆಕ್ಕ ಹಾಕಿದರೆ 1 ಡೆನಿಯರ್ ಪಾಲಿಯೆಸ್ಟರ್ ಎಳೆಯ ದಪ್ಪ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು 1 ಮೈಕ್ರಾನ್). ತಲೆಗೂದಲು 70ರ ಆಸುಪಾಸು. ಎಳೆಯ ದಪ್ಪ ಹತ್ತನೇ ಒಂದಕ್ಕಿಳಿದರೆ ಅಷ್ಟೇ ತೂಕದ ಬಟ್ಟೆಯ ಮೇಲ್ಮೈ ಹತ್ತುಪಟ್ಟಾಗುತ್ತದೆ. ಕಾರಿನ ಬಟ್ಟೆಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 70–80 ಪಾಲು ಪಾಲಿಯೆಸ್ಟರ್, ಉಳಿದದ್ದು ಪಾಲಿಅಮೈಡ್, ಅಂದರೆ ನೈಲಾನ್. ಒಂದಾಗಿ ನೂತ ಎಳೆಯನ್ನು ಆಮೇಲೆ ಸೀಳಿ ಚೂಪು ಅಂಚಿನ ಸಣ್ಣ ಎಳೆಗಳನ್ನಾಗಿ ಮಾಡುತ್ತಾರೆ. ಅವುಗಳ ನಡುವಿನ ಸಂದುಗಳು ಜಿಡ್ಡನ್ನೂ ನೀರನ್ನೂ ಹೀರಿ ಹಿಡಿದುಕೊಳ್ಳುತ್ತವೆ.

ಆ ಸಂದು ಮುಚ್ಚಿಹೋಗುವ ಕೆಲಸವನ್ನು ನಾವೇ ಶ್ರದ್ಧೆಯಿಂದ ಮಾಡುತ್ತೇವೆ. ಬಟ್ಟೆ ಘಮಘಮಿಸಲೆಂದು ಕೊನೆಯ ನೀರಿಗೆ ಹಾಕುವ ಕಂಡೀಷನರ್, ಎಳೆಗಳಿಗೆ ಕೊಬ್ಬಿನಂಥ ತೆಳುಪದರ ಹೊದಿಸುತ್ತದೆ. ಸೀರೆಗೆ ಅದು ಚೆನ್ನ, ಮೈಕ್ರೋಫೈಬರಿಗೆ ಬೇಡ. ಬಾರ್ ಸೋಪೂ ಬೇಡ, ಅದರಲ್ಲೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರಿದ್ದರೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿ ಗಸಿಯಾಗಿ ಎಳೆಗಳಿಗೆ ಮೆತ್ತುತ್ತದೆ. ದ್ರವ ಡಿಟರ್ಜೆಂಟಿನಲ್ಲಿ ಈ ಕಾಟ ಕಡಿಮೆ. ಬನಿಯನ್, ಟವೆಲ್ ಜೊತೆ ಮಷಿನ್ನಿಗೆ ಹಾಕಿದರೆ ಹತ್ತಿಯ ಜುಂಗೆಲ್ಲ ಇದಕ್ಕೇ ಅಂಟಿಕೊಳ್ಳುತ್ತದೆ. ಒಣಗಿಸುವುದು ನೆರಳಲ್ಲಿ, ಬಿಸಿಲಿನ ಅತಿನೇರಳೆ ಕಿರಣಕ್ಕೆ ನೈಲಾನ್ ಬಲಗುಂದುತ್ತದೆ, ಪಾಲಿಯುರೆಥೇನ್ ಸ್ಪಂಜು ಹಳದಿಯಾಗಿ ಕೊನೆಗೆ ಪುಡಿಪುಡಿಯಾಗುತ್ತದೆ.

ಟೈರ್ ಪಾಲಿಷ್ ಪ್ಯಾಡಿನ ಕತೆಯೇ ಬೇರೆ. ಹೊಳೆಯುವ ಪಾಲಿಷ್‌ಗಳಲ್ಲಿ ಬಹಳಷ್ಟರ ಜೀವಾಳ ಸಿಲಿಕೋನ್ ಎಣ್ಣೆ. ಅದು ಹಾರುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ದ್ರವವನ್ನು ಹನಿಯಾಗಿ ಮುದುಡಿಸುವ ಮೇಲ್ಮೈ ಎಳೆತ ಅದರಲ್ಲಿ ನೀರಿನದರ ಮೂರನೇ ಒಂದರಷ್ಟೂ ಇಲ್ಲವಾದ್ದರಿಂದ ಸಿಕ್ಕ ಸಿಕ್ಕಲ್ಲೆಲ್ಲ ಹರಡಿಕೊಳ್ಳುತ್ತದೆ. ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿನವರು ಸಿಲಿಕೋನ್ ಎಂದರೆ ಹೆದರುತ್ತಾರೆ: ತಗಡಿನ ಮೇಲೆ ಅದರ ಒಂದು ಕಣ ಉಳಿದರೂ ಹೊಸ ಬಣ್ಣ ಅಲ್ಲಿಂದ ಹಿಂದೆ ಸರಿದು ದುಂಡನೆಯ ಕುಳಿ ಬೀಳುತ್ತದೆ, ಅವರ ಬಾಯಲ್ಲಿ ಫಿಶ್ ಐ. ಇಂಥ ಪ್ಯಾಡನ್ನು ತೊಳೆಯಲೇಬೇಡಿ ಎಂದೇ ನನ್ನ ಸಲಹೆ. ಒಣಗದ ಎಣ್ಣೆಯನ್ನು ತೊಳೆದು ಮತ್ತೆ ಅದೇ ಎಣ್ಣೆ ಸುರಿಯುವುದು ದಂಡ. ಜಿಪ್ ಕವರಿನಲ್ಲಿಟ್ಟು ಟೈರಿಗೆಂದೇ ಮೀಸಲಿಟ್ಟರೆ ಬಹುಕಾಲ ಬಾಳುತ್ತದೆ. ನೀರಿನಂಶವಿರುವ ಪಾಲಿಷ್ ಆದರೆ ಮಾತ್ರ ಕವರಿಗೆ ಹಾಕುವ ಮೊದಲು ಆರಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಇನ್ನು ಸೆರಾಮಿಕ್. 1970ರಲ್ಲಿ ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಅತಿತೆಳು ಪಾಲಿಯೆಸ್ಟರ್ ಎಳೆಗಳಿಂದ ಕೃತಕ ಸ್ವೇಡ್ ತಯಾರಿಸಿದರು. ಕೋಟಿಂಗ್ ಎಳೆಯುವ ಬಟ್ಟೆ ಆ ವಂಶದ್ದೇ. ಆದರೆ ಬಾಟಲಿಯಲ್ಲಿರುವ ಸಿಲಿಕಾನ್ ಸಂಯುಕ್ತ ಗಾಳಿಯ ತೇವದೊಡನೆ ವರ್ತಿಸಿ, ಸಿಲಿಕಾನ್ ಮತ್ತು ಆಮ್ಲಜನಕ ಹೆಣೆದುಕೊಂಡ ಜಾಲವಾಗುತ್ತದೆ. ಅದು ಪಾಲಿಸಿಲಾಜೇನ್ ಎಂಬ, ಸಾರಜನಕವೂ ಇರುವ ಬಗೆಯದಾದರೆ ಈ ಕ್ರಿಯೆಯಲ್ಲಿ ಅಮೋನಿಯವೂ ಹೊರಬರುತ್ತದೆ. ಆ ಜಾಲವನ್ನು ಸೋಪಾಗಲಿ ಥಿನ್ನರ್ ಆಗಲಿ ಬಿಡಿಸಲಾರದು; ಬಿಡಿಸಬಲ್ಲದಾದರೆ ಕಾರಿನ ಮೇಲೆ ಕೋಟಿಂಗ್ ನಿಲ್ಲುತ್ತಲೇ ಇರಲಿಲ್ಲ. ಬಟ್ಟೆಯಲ್ಲಿ ಗಟ್ಟಿಯಾದ ಕಣ ಮುಂದಿನ ಸಲ ಬಣ್ಣವನ್ನು ಗೀರುತ್ತದೆ. ಕೂಡಲೇ ಆಲ್ಕೋಹಾಲಿನಲ್ಲಿ ಅದ್ದಿ ಉಳಿಸಿಕೊಳ್ಳುವವರಿದ್ದಾರೆ, ನನಗೆ ಆ ಉಳಿತಾಯ ಒಪ್ಪಿಗೆಯಿಲ್ಲ. ಬೇಕಿದ್ದರೆ ಬಟ್ಟೆಯನ್ನು ಸಣ್ಣದಾಗಿ ಕತ್ತರಿಸಿ ಬಳಸಿ, ಮುಗಿದೊಡನೆ ಎಸೆಯಿರಿ. ಅದನ್ನು ಸುತ್ತಿದ್ದ ಸ್ಪಂಜಿನ ತುಂಡಿಗೆ ಕೋಟಿಂಗ್ ಇಳಿಯದಿದ್ದರೆ ಅದು ಮತ್ತೆ ಬಳಕೆಗೆ ಬರುತ್ತದೆ.

ಗೀರಿನ ಮಾತು ಬಂತು. ಕಾರಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪವಷ್ಟೇ. ಮರಳಿನ ಕ್ವಾರ್ಟ್ಜ್ ಮೋಸ್ ಗಡಸುತನದ ಅಳತೆಯಲ್ಲಿ 7, ಗೀರು ಉಜ್ಜಿ ತೆಗೆಯುವ ರಬ್ಬಿಂಗ್ ಕಾಂಪೌಂಡಿನ ಅಲ್ಯೂಮಿನಿಯಂ ಆಕ್ಸೈಡ್ 9. ನೆಲಕ್ಕೆ ಬಿದ್ದ ಪ್ಯಾಡನ್ನು ಬರೀ ಕೊಡವಿ ಮತ್ತೆ ಬಾನೆಟ್ ಮೇಲೆ ಆಡಿಸಬಾರದು. ಕಾಂಪೌಂಡ್ ಉಜ್ಜಿದ ಪ್ಯಾಡು ಎಷ್ಟು ತೊಳೆದರೂ ವ್ಯಾಕ್ಸಿಗೆ ಸಲ್ಲದು. ಬಣ್ಣಕ್ಕೆ ಬಳಸಿ ಹಳತಾದದ್ದು ಗಾಜಿಗೆ, ಆಮೇಲೆ ಚಕ್ರಕ್ಕೆ, ಕೊನೆಗೆ ಎಂಜಿನ್ ಒರೆಸಲು ಇಳಿಯಬಹುದು. ಕೆಳಗಿಳಿದದ್ದು ಮತ್ತೆ ಮೇಲೇರುವಂತಿಲ್ಲ.

ತೊಳೆದ ನೀರಿನಲ್ಲಿ ಎಳೆಯ ಚೂರುಗಳೂ ಹೋಗುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜೆನ್ ನ್ಯಾಪರ್ ಮತ್ತು ರಿಚರ್ಡ್ ಥಾಂಪ್ಸನ್ 2016ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 6 ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಒಮ್ಮೆ ಮಷಿನ್ನಿಗೆ ಹಾಕಿದರೆ ಸುಮಾರು 5 ಲಕ್ಷ ಎಳೆಚೂರು ಉದುರುತ್ತವೆ. ನಾಲ್ಕು ಪ್ಯಾಡಿಗೆಂದು ಮಷಿನ್ ತಿರುಗಿಸುವ ಬದಲು ಬಕೆಟ್ಟಿನಲ್ಲಿ ಕೈಯಲ್ಲೇ ಹಿಸುಕಿ, ಆ ನೀರನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಚೆಲ್ಲಿದರೆ ಜುಂಗಿನ ಒಂದಷ್ಟು ಪಾಲಾದರೂ ಚರಂಡಿ ಸೇರದೆ ಬಟ್ಟೆಯಲ್ಲಿ ಉಳಿಯುತ್ತದೆ.