ರಸ್ತಿ ಬದಿ ಹಳೇ ಗಿಡದ ವಯಸ್ಸು ಹೆಂಗ ತಗೀಬೇಕು: ಹೆರಿಟೇಜ್ ಟ್ರೀ ನೋಟ್ಸ್

ನಮ್ಮ ಸೊಲ್ಲಾಪುರದ ಕಾಲನಿಗಳ ರಸ್ತಿ ಬದಿ ಬೇವು, ಹುಣಸಿ, ಆಲದ ಗಿಡ ಇನ್ನೂ ಅದಾವ, ರಸ್ತಿ ಅಗಲ ಮಾಡ್ತಾರಂದ್ರ ಮೊದಲ ಕೊಡಲಿ ಬೀಳೂದು ಇವಕ್ಕ, ಹಂಗಾಗಿ ಈ ನೋಟ್ಸ್ ಬರೇ ಪರೀಕ್ಷೆಗಷ್ಟ ಅಲ್ರಿ.

ಕಾನೂನು ಸಣ್ಣದೈತಿ. ಮಹಾರಾಷ್ಟ್ರದ ನಗರ ಪ್ರದೇಶದ ಗಿಡ ಸಂರಕ್ಷಣಾ ಕಾಯ್ದೆ 1975ರದು, 2021ರಾಗ ತಿದ್ದುಪಡಿ ಆತು. 50 ವರ್ಷ ಇಲ್ಲಾ ಅದಕ್ಕೂ ಹೆಚ್ಚು ವಯಸ್ಸಿನ ಗಿಡ ಹೆರಿಟೇಜ್, ಅಂದ್ರ ಪಾರಂಪರಿಕ ಗಿಡ. ಅಂಥಾದ್ದು ಕಡಿದ್ರ ಅದಕ್ಕ ಎಷ್ಟು ವಯಸ್ಸೋ ಅಷ್ಟು ಸಸಿ ಹಚ್ಚಬೇಕು.

ಅಂದ್ರ ಎಲ್ಲಾ ವಯಸ್ಸಿನ ಮ್ಯಾಲೆ ನಿಂತೈತಿ, ಆದ್ರ ಕಡೀದ ನಿಂತ ಗಿಡದ ಕಾಂಡದೊಳಗಿನ ವರ್ಷದ ಉಂಗುರ ಎಣಿಸಾಕ ಬರಂಗಿಲ್ಲ. ನೆಲದಿಂದ 1.37 ಮೀಟರ್ ಎತ್ತರಕ್ಕ ಟೇಪ್ ಸುತ್ತಿ ಸುತ್ತಳತಿ ತಗೀರಿ. ಆಮ್ಯಾಲೆ ಅದ ಜಾತಿ, ಅದ ಮಣ್ಣಿನ, ಹಚ್ಚಿದ ವರ್ಷ ಗೊತ್ತಿರೂ ಗಿಡ ಹುಡಕ್ರಿ. ಅದು 40 ವರ್ಷದ ಬೇವು, ಸುತ್ತಳತಿ 2 ಮೀಟರ್ ಅಂತ ಹಿಡೀರಿ, ವರ್ಷಕ್ಕ 5 ಸೆಂಟಿಮೀಟರ್ ಆತು. ನಮ್ಮ ಗಿಡ ಮೂರೂವರಿ ಮೀಟರ್ ಇದ್ರ 350 ಭಾಗಿಸು 5, ಎಪ್ಪತ್ತು ವರ್ಷ. ಇಲ್ಲೇ ನಿಂದರ್ರಿ! ಗಿಡ ಎಳೇದಿದ್ದಾಗ ಲಗೂ ದಪ್ಪ ಆಗತೈತಿ, ಮುಂದ ನಿಧಾನ, ಅಂದ್ರ ಕಡೀ ಒಂದು ಮೀಟರ್ ದಪ್ಪಾಗಾಕ ಮೊದಲಿನ ಒಂದು ಮೀಟರಿಗಿಂತ ಭಾಳ ವರ್ಷ ಹಿಡೀತೈತಿ, ಎಳೇ ಗಿಡದ ವೇಗ ಹಳೇದಕ್ಕ ಹಾಕಿದ್ರ ಬರೂ ವಯಸ್ಸು ಖರೇ ವಯಸ್ಸಿಗಿಂತ ಕಡಿಮಿನ ಇರತೈತಿ. ಎಪ್ಪತ್ತು ಅಂದ್ರ ಕನಿಷ್ಠ ಎಪ್ಪತ್ತು ಅಂತ ಬರ್ಕೋರಿ.

ಇದು ರೊಕ್ಕದಾಗೂ ಕಾಣತೈತಿ. ಪಶ್ಚಿಮ ಬಂಗಾಳದ ಜೆಸ್ಸೋರ್ ರಸ್ತಿ ಬದಿಯ 356 ಗಿಡ ರೈಲ್ವೆ ಮೇಲ್ಸೇತುವೆಗೆ ಕಡಿಯೂ ಪ್ರಕರಣದಾಗ ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿ, ಗಿಡದ ಬೆಲಿ ಅದರ ವಯಸ್ಸಿನ ಒಂದೊಂದು ವರ್ಷಕ್ಕ 74,500 ರೂಪಾಯಿ ಅಂತು, ಅದರಾಗ 45,000 ಬರೇ ಆಕ್ಸಿಜನ್ನಿಂದು. ನಮ್ಮ ಎಪ್ಪತ್ತು ವರ್ಷದ ಗಿಡಕ್ಕ 52,15,000. ಖರೇ ವಯಸ್ಸು ತೊಂಬತ್ತಿದ್ರ 67,05,000, ಸಸಿನೂ ಇಪ್ಪತ್ತು ಹೆಚ್ಚು. ಒಂದು ಗಿಡಕ್ಕ ಇಷ್ಟು ಫರಕ್!

ಆಲಕ್ಕ ಮಾತ್ರ ಈ ಲೆಕ್ಕ ನಡ್ಯಂಗಿಲ್ಲ, ಬಿಳಲು ಕಾಂಡಕ್ಕ ಕೂಡ್ಕೊಂಡು ಸುತ್ತಳತಿ ಉಬ್ಬತೈತಿ. ಸಾಂಗ್ಲಿ ಜಿಲ್ಲೆಯ ಭೋಸೆ ಊರಾಗ ಸುಮಾರು 400 ವರ್ಷದ್ದು ಅನ್ನೂ ಆಲದ ಗಿಡಕ್ಕಾಗಿ 2020ರಾಗ ಜನ ಹೋರಾಡಿ ಹೆದ್ದಾರಿ ದಾರಿನ ಬದಲ್ ಮಾಡಿಸಿದ್ರು. ಅಂಥಾ ಗಿಡಕ್ಕ ಹಳೇ ಫೋಟೋ, ಸರ್ವೆ ನಕ್ಷೆ, ಹಿರೇರ ನೆನಪು ಇವನ್ನೆಲ್ಲಾ ಟೇಪಿನಕಿಂತ ಮೊದಲ ಕೂಡಸ್ರಿ.