ಹಳೆ ಪಿಕಪ್ಪಿಗೆ ದೊಡ್ಡ ಇಂಜಿನ್: ಕೂಡಿಸೋ ಮುಂಚಿನ ಲೆಕ್ಕ

"ಉಸ್ತಾದ್, ಇದಕ್ಕ ದೊಡ್ಡ ಇಂಜಿನ್ ಕೂಡ್ತದೇನ್ರಿ?" ಹಳೆ ಜೀಪ್ ಪಿಕಪ್ ತಂದು ಗ್ಯಾರೇಜ್ ಮುಂದೆ ನಿಲ್ಲಿಸಿದವರು ಮೊದಲು ಕೇಳೋದು ಇದನ್ನೇ. ಕೂಡ್ತದೆ. ಗ್ಯಾಸ್ ಕಟರ್, ವೆಲ್ಡಿಂಗ್ ಮಷಿನ್ ಇದ್ದರೆ ಏನು ಬೇಕಾದರೂ ಕೂಡ್ತದೆ. ಆದರೆ ಕೂಡಿಸಿದ ಮೇಲೆ ಗಾಡಿ ಹೇಗೆ ಓಡುತ್ತದೆ ಅಂತ ಕೇಳುವವರು ಕಡಿಮೆ.

ನಾನು ಪಾನಾ ಹಿಡಿಯೋ ಮುಂಚೆ ಆರ್‌ಸಿ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ ಬದಲಿಸುವುದಿದ್ದರೂ ಆರ್‌ಟಿಒ ಅನುಮತಿ ಪಡೆದು, ಹೊಸ ಇಂಜಿನ್ ನಂಬರ್ ಆರ್‌ಸಿಗೆ ಏರಿಸಬೇಕು. ಮಾಲೀಕ ಸುಮ್ನೆ ತನ್ನಿಷ್ಟಕ್ಕೆ ಬದಲಿಸಿದರೆ 182ಎ ಕಲಂ ಇದೆ: 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದೂ ಇಂಜಿನ್ ನಂಬರನ್ನೇ. ಹಾಗಾಗಿ ಬೇರೆ ಜಾತಿಯ ದೊಡ್ಡ ಇಂಜಿನ್ ಅಂದರೆ, ಹೊಲ ಬಿಟ್ಟು ರಸ್ತೆಗೆ ಬರದ ಗಾಡಿಗೆ ಮಾತ್ರ. ರಸ್ತೆಯ ಗಾಡಿಗೆ ಅದೇ ಮಾದರಿಯ ಇಂಜಿನ್ನನ್ನೇ ಅನುಮತಿ ಪಡೆದು ಹಾಕಿಸಿ. ಮುಂದೆ ಹೇಳುವ ಮೌಂಟಿಂಗ್ (ಚಾಸಿಗೆ ಇಂಜಿನ್ ಕೂರಿಸುವ) ವಿಷಯ ಇಬ್ಬರಿಗೂ ಬೇಕು.

ಹಳೆ ಜೀಪಿನ ಪೆಟ್ರೋಲ್ ಇಂಜಿನ್ ಹರಿಕೇನ್ ಎಫ್-134. 2199 ಸಿಸಿ, 4,000 ಆರ್‌ಪಿಎಂಗೆ 72 ಎಚ್‌ಪಿ. ಇದನ್ನು ತೆಗೆದು ಟ್ರ್ಯಾಕ್ಟರ್ ತಳಿಯ ದೊಡ್ಡ ಡೀಸೆಲ್ ಇಂಜಿನ್ ಹಾಕಿದರೆ ಗಾಡಿ ಜೋರಾಗಿ ಓಡುತ್ತದೆ ಅಂತ ಎಲ್ಲರ ನಂಬಿಕೆ. ಆಗೋದು ಉಲ್ಟಾ. ಎಳೆತ ಬರುತ್ತದೆ, ಓಟ ಹೋಗುತ್ತದೆ. ಯಾಕೆ ಅಂತ ಗಾಡಿಯ ಹಿಂದೆಯೇ ಕೂತು ನೋಡಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಹಿಂದಿನ ಒಂದೇ ಚಕ್ರ ಜಾಕ್ ಮೇಲೆ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಟೈರಿಗೊಂದು, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೊಂದು ಚಾಕ್‌ಪೀಸ್ ಗೆರೆ ಎಳೆಯಿರಿ. ಟೈರನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿ. ಎರಡು ಸುತ್ತು ಯಾಕೆ? ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಅರ್ಧವೇ ತಿರುಗುತ್ತದೆ. ಹಳೆ ಜೀಪ್ ಆಕ್ಸಲ್ ಆದರೆ ಐದು ಸುತ್ತು ಮುಗಿದು ಆರನೆಯದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅದೇ 5.38 ಅನುಪಾತ, ಅಂದರೆ ಗಾಡಿ ಓಡುವಾಗ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 5.38 ಸುತ್ತಬೇಕು.

ಈಗ ಲೆಕ್ಕ ಹಾಕಿ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಟಾಪ್ ಗೇರಿನಲ್ಲಿ ಇಂಜಿನ್ ಸುತ್ತಿದಷ್ಟೇ ಶಾಫ್ಟೂ ಸುತ್ತುತ್ತದೆ, ಹಾಗಾಗಿ ಇಂಜಿನ್ 4,000 ಆರ್‌ಪಿಎಂ ತಿರುಗಿದರೆ ಗಾಡಿ ಗಂಟೆಗೆ 98 ಕಿ.ಮೀ. 2,500ಕ್ಕೇ ಸುಸ್ತಾಗುವ ಇಂಜಿನ್ ಹಾಕಿದಿರಾ, 61 ಕಿ.ಮೀ. ಅಷ್ಟೇ. ಕಾಲು ಎಷ್ಟು ಒತ್ತಿದರೂ ಅಷ್ಟೇ. ಅನುಪಾತ ಬದಲಿಸಬೇಕು ಅಂದರೆ ಡಿಫರೆನ್ಶಿಯಲ್ ಒಳಗಿನ ಗೇರ್ ಜೋಡಿ, ಅಂದರೆ ಕ್ರೌನ್-ಪಿನಿಯನ್ ಬದಲಿಸಬೇಕು. ಫೋರ್ ವ್ಹೀಲ್ ಗಾಡಿಯಾದರೆ ಮುಂದೆ, ಹಿಂದೆ ಎರಡೂ ಕಡೆ. ಖರ್ಚಿನ ಮಾತು ಬಂದ ಕೂಡಲೇ ಅರ್ಧ ಜನ ಇಲ್ಲೇ ಎದ್ದು ಹೋಗುತ್ತಾರೆ. ಒಳ್ಳೇದೇ ಆಯ್ತು ಅನ್ನಿ.

ಇನ್ನು ಮೌಂಟಿಂಗ್. ಇಂಜಿನ್ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂಡಿಸಿ, ಆಮೇಲೆ ಶಾಫ್ಟ್ ಕಟ್ ಮಾಡಿ ಹೊಂದಿಸೋದು ನಮ್ಮ ಕಡೆ ರೂಢಿ. ಕೆಲಸ ಹಿಂದಿನಿಂದ ಮುಂದಕ್ಕೆ ಬರಬೇಕು. ಮೊದಲು ಗಾಡಿಯ ಮೇಲೆ ಸಾಮಾನ್ಯ ಲೋಡ್ ಇಟ್ಟು, ಆಕ್ಸಲ್ಲಿನಲ್ಲಿ ಶಾಫ್ಟ್ ಬಂದು ಸೇರುವ ಪಿನಿಯನ್ ಎಷ್ಟು ಓರೆ ಇದೆ ಅಂತ ಅಳೆಯಿರಿ. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಆ ಪಿನಿಯನ್ನಿಗೆ ಸಮಾನಾಂತರವಾಗಿ ಇರಬೇಕು. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳ (ಬಾಗಿ ತಿರುಗುವ ಕೀಲುಗಳ) ಕೋನಗಳ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಒಂದೊಂದು ಕೋನವೂ ಮೂರು ಡಿಗ್ರಿ ಒಳಗಿದ್ದರೆ ಚೆಂದ. ಪೂರ್ತಿ ಸೊನ್ನೆಯೂ ಬೇಡ. ಕ್ರಾಸಿನ ಸೂಜಿ ಬೇರಿಂಗ್ ಸ್ವಲ್ಪವಾದರೂ ಉರುಳಬೇಕು, ಇಲ್ಲದಿದ್ದರೆ ಒಂದೇ ಜಾಗ ಸವೆಯುತ್ತದೆ. ಖಾಲಿ ಗಾಡಿಯಲ್ಲಿ ಅಳೆದು, ಆಮೇಲೆ ತೊಗರಿ ಚೀಲ ಏರಿಸಿದರೆ ಸ್ಪ್ರಿಂಗ್ ಇಳಿದು ಕೋನವೆಲ್ಲ ಬದಲಾಗುತ್ತದೆ. ಆಗ ಗುಂಯ್ ಅನ್ನೋ ಸದ್ದು ಶುರು, ಮಾಲೀಕರು ಮಾತ್ರ ಗೇರ್‌ಬಾಕ್ಸ್ ಬಿಚ್ಚಿಸುತ್ತಾರೆ.

ಕೋನ ಸಿಕ್ಕಿದ ಮೇಲೆ ಇಂಜಿನ್ನನ್ನು ಚೈನ್ ಬ್ಲಾಕಿಗೆ ತೂಗುಹಾಕಿ, ಆ ಕೋನದಲ್ಲೇ ಹಿಡಿದು ಸುತ್ತ ನೋಡಿ. ಮುಂದಿನ ಆಕ್ಸಲ್ ಗುಂಡಿಗೆ ಬಿದ್ದು ಮೇಲೆ ಬಂದಾಗ ಇಂಜಿನ್ ತಳದ ಆಯಿಲ್ ಸಂಪ್‌ಗೆ ತಾಗುತ್ತದಾ? ಸೈಲೆನ್ಸರ್ ಪೈಪು ಸ್ಟೀರಿಂಗ್ ಬಾಕ್ಸಿಗೆ ಮುಟ್ಟುತ್ತದಾ? ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಒಂದು ಇಂಚಾದರೂ ಉಳಿಯುತ್ತದಾ? ಇವೆಲ್ಲ ಹೊಂದಿದ ಮೇಲೆಯೇ ಬ್ರಾಕೆಟ್ ಮಾಡಿಸಬೇಕು. ಬ್ರಾಕೆಟ್ ಕೂರಿಸಲು ಚಾಸಿಯ ಪಕ್ಕದ ನಿಂತ ಗೋಡೆಗೆ ತೂತು ಹಾಕಿ. ಮೇಲಿನ, ಕೆಳಗಿನ ಅಂಚಿಗೆ ಬೇಡ, ಭಾರ ಹೊರೋದೇ ಆ ಅಂಚು. ವೆಲ್ಡಿಂಗ್ ಮಾಡಲೇಬೇಕು ಅಂದರೆ ಪ್ಲೇಟಿನ ತುದಿಗಳನ್ನು ಓರೆಯಾಗಿ ಕತ್ತರಿಸಿಕೊಳ್ಳಿ. ಚಾಸಿಗೆ ಅಡ್ಡವಾಗಿ ನೇರ ಗೆರೆ ಹೊಡೆದರೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ.

ಇಂಜಿನ್ ಮತ್ತು ಬ್ರಾಕೆಟ್ ನಡುವೆ ಕೂಡಿಸುವ ರಬ್ಬರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಜೀಪಿನಲ್ಲಿ ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ, ಹೈ-ಲೋ ಇರುವ ಡಬ್ಬಿ) ಮೂರೂ ಒಂದಕ್ಕೊಂದು ಬೋಲ್ಟ್ ಆಗಿವೆ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಸಿಕ್ಕಿಬಿದ್ದು ಫಸ್ಟ್ ಗೇರ್, ಲೋ ಎರಡನ್ನೂ ಹಾಕಿದಾಗ ಇಂಜಿನ್ನಿನ ತಿರುಚು ಬಲ ಸುಮಾರು 7 ಪಟ್ಟಾಗುತ್ತದೆ. ಅಷ್ಟೂ ಹೊಡೆತವನ್ನು ತಡೆಯೋದು ಆ ಮೂರು-ನಾಲ್ಕು ರಬ್ಬರ್ ತುಂಡು. ಡೀಸೆಲ್ ಸೋರಿ ರಬ್ಬರ್ ಮೇಲೆ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ರಬ್ಬರ್ ಹಾಕಿ.

ಹೊಸ ಇಂಜಿನ್ನಿಗೆ ಹಳೆ ಗೇರ್‌ಬಾಕ್ಸ್ ಜೋಡಿಸಲು ಲೇಥಿನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸುತ್ತಾರೆ. ಡಯಲ್ ಗೇಜ್ ಇಟ್ಟು ನಡುಬಿಂದು ನೋಡದೆ ಒಪ್ಪಿಕೊಳ್ಳಬೇಡಿ. ಒಂದು ಮಿಲಿಮೀಟರಿನ ಕಾಲು ಭಾಗ ಸರಿದಿದ್ದರೂ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಹಾಳಾಗಿ, ಗೇರ್ ತಾನಾಗಿ ಹಾರಲು ಶುರುವಾಗುತ್ತದೆ. ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಇದ್ದು, ಪೆಟ್ರೋಲಿನಿಂದ ಡೀಸೆಲ್ಲಿಗೆ ಹೋಗುತ್ತಿದ್ದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇಕೇ ಬೇಕು. ಹಳೆ ಡೀಸೆಲ್ ಇಂಜಿನ್ ತಾನಾಗಿ ವ್ಯಾಕ್ಯೂಮ್ ಕೊಡುವುದಿಲ್ಲ.

ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ರೇಡಿಯೇಟರ್ ದೊಡ್ಡದು ಬೇಕು ಅಂತ ಎಲ್ಲರಿಗೂ ಗೊತ್ತು. ಫ್ಯಾನ್ ಸುತ್ತ ತಗಡಿನ ಕವಚ ಬೇಕು ಅನ್ನೋದು ಮರೆತುಹೋಗುತ್ತದೆ. ಅದಿಲ್ಲದಿದ್ದರೆ ಫ್ಯಾನ್ ಅಲ್ಲೇ ಇರುವ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ತೊಗರಿ ರಾಶಿಯ ಹೊಟ್ಟು ಜಾಲಿಗೆ ಅಂಟಿದ್ದರೆ ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಹೊಡೆದು ತೆಗೆಯಿರಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ತೆರೆಯಿರಿ. ಒಬ್ಬರು ಬ್ರೇಕ್ ಒತ್ತಿಕೊಂಡೇ ಸೆಕೆಂಡ್ ಗೇರಿನಲ್ಲಿ ಕ್ಲಚ್ಚನ್ನು ಒಂಚೂರು ಬಿಡಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಇಂಜಿನ್ ನೋಡಲಿ, ಗಾಡಿ ಮುಂದೆ ಯಾರೂ ನಿಲ್ಲಬೇಡಿ. ಇಂಜಿನ್ ಸ್ವಲ್ಪ ವಾಲಿ ನಿಂತರೆ ಸರಿ. ಒಂದು ಕಡೆ ಎದ್ದು ಬ್ರಾಕೆಟ್ಟಿಗೆ ಟಕ್ ಅಂತ ಬಡಿದರೆ, ಆ ಕಡೆಯ ಬೋಲ್ಟ್ ಸಡಿಲ ಇದೆ ಅಥವಾ ರಬ್ಬರ್ ಸರಿಯಾಗಿ ಕೂತಿಲ್ಲ. ಅವತ್ತೇ ಬಿಚ್ಚಿ ನೋಡಿ.