ಇದರಲ್ಲಿ ಅಮ್ಮ ಹಾಡ್ತಿದ್ದ ಹಾಡು ಯಾವುದು?

ನೆನಪಿನ ಪರೀಕ್ಷೆಗೆ ಒಟ್ಟು 30 ಅಂಕ. ಆಲ್‌ಝೈಮರ್ ಅನ್ನುವ ಮರೆವಿನ ಕಾಯಿಲೆಗೆ ನನ್ನ ಬಳಿ ಬಂದಿದ್ದ ಒಬ್ಬ ತಾಯಿಗೆ ಅವತ್ತು ಬಂದಿದ್ದು 8. ಯಾವ ತಿಂಗಳು ಅಂತ ಗೊತ್ತಿಲ್ಲ, ಪಕ್ಕದಲ್ಲೇ ಕೂತಿದ್ದ ಮಗಳ ಹೆಸರೂ ಗೊತ್ತಿಲ್ಲ. ಗಡಿಯಾರದ ಚಿತ್ರ ಬರೆಯಿರಿ ಅಂದರೆ ಹನ್ನೆರಡೂ ಅಂಕಿಯನ್ನು ಒಂದೇ ಮೂಲೆಗೆ ತುರುಕಿ, ಸಾಕಾಗಿ ಪೆನ್ಸಿಲ್ ಕೆಳಗಿಟ್ಟರು. ಸಮಾಧಾನ ಮಾಡೋಣ ಅಂತ ಮಗಳು ಒಂದು ಹಳೇ ಹಾಡು ಗುನುಗಿದರು. ಎರಡನೇ ಸಾಲಿನಲ್ಲಿ ಒಂದು ಪದ ತಪ್ಪಿತು. ಅಮ್ಮ ಹುಬ್ಬು ಗಂಟಿಕ್ಕಿ, ಮಗಳ ಮೊಣಕಾಲಿಗೆ ಮೆಲ್ಲಗೆ ತಟ್ಟಿ, ಸರಿಯಾದ ಪದ ಹಾಕಿ ಇಡೀ ಚರಣ ಹಾಡಿ ಮುಗಿಸಿದರು!

ಇದರಲ್ಲಿ ಪವಾಡವೇನೂ ಇಲ್ಲ. ಆಲ್‌ಝೈಮರ್ ಕಾಯಿಲೆ ಮೊದಮೊದಲೇ ಕೈಹಾಕುವುದು ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗಕ್ಕೆ. ಬೆಳಗ್ಗೆ ನಡೆದದ್ದನ್ನು ಸಂಜೆಗೆ ಉಳಿಸಿಕೊಡುವುದು ಅದೇ. ಹಾಡು ಮಾತ್ರ ಒಂದೇ ಕಡೆ ಕೂತಿರುವುದಿಲ್ಲ. ಧಾಟಿ, ಲಯ, ಪದ, ನಾಲಿಗೆಯ ಅಭ್ಯಾಸ, ಜೊತೆಗಿದ್ದ ಖುಷಿ ಎಲ್ಲವೂ ಮೆದುಳಿನ ಬೇರೆ ಬೇರೆ ಕಡೆ ಹರಡಿಕೊಂಡಿರುತ್ತವೆ. ಬಹುಕಾಲದಿಂದ ಗೊತ್ತಿರುವ ಹಾಡು ಕೇಳಿದಾಗ ಕೆಲಸ ಮಾಡುವ ಜಾಗಗಳು ಈ ಕಾಯಿಲೆಯಲ್ಲಿ ಬೇರೆ ಭಾಗಗಳಷ್ಟು ಬೇಗ ಸವೆಯುವುದಿಲ್ಲ ಎಂದು 2015ರ ಒಂದು ಅಧ್ಯಯನ ತೋರಿಸಿತು. ಅದರಲ್ಲೂ ಹದಿಹರೆಯದಿಂದ ಇಪ್ಪತ್ತೈದರೊಳಗೆ ಕೇಳಿದ ಹಾಡುಗಳು ಗಟ್ಟಿ. ಅಮೆರಿಕದ ಗಾಯಕ ಟೋನಿ ಬೆನೆಟ್ ತಮಗೆ ಆಲ್‌ಝೈಮರ್ ಇದೆ ಎಂದು ಜಗತ್ತಿಗೆ ತಿಳಿಸಿದ್ದು 2021ರಲ್ಲಿ. ಅದೇ ವರ್ಷ, 95ನೇ ವಯಸ್ಸಿನಲ್ಲಿ, ವೇದಿಕೆ ಮೇಲೆ ನಿಂತು ಹಾಡಿದರು.

ಹಾಗಂತ ಹಾಡು ಔಷಧವಲ್ಲ. ಮಂಕು ಸ್ವಲ್ಪ ಕಮ್ಮಿಯಾಗುತ್ತದೆ, ಮನಸ್ಸು ಹಗುರವಾಗುತ್ತದೆ. ಹೋದ ನೆನಪು ವಾಪಸ್ ಬರುವುದಿಲ್ಲ, ಕಾಯಿಲೆಯೂ ನಿಲ್ಲುವುದಿಲ್ಲ.

ಒಂದೂವರೆ ವರ್ಷದ ಮೇಲೆ ಆ ತಾಯಿ ತೀರಿಕೊಂಡರು. ಕೆಲವು ತಿಂಗಳು ಬಿಟ್ಟು ಮಗಳು ಬಂದರು. "ಡಾಕ್ಟ್ರೇ, ಅಮ್ಮನ ಹೆಸರಲ್ಲಿ ಒಂದು ಸಂಗೀತ ಸಂಜೆ ಮಾಡ್ತೀವಿ. ಬಂದ ದುಡ್ಡನ್ನ ಇಂಥ ರೋಗಿಗಳಿಗೆ ಕೊಡೋಣ ಅಂತ." ಕೈಯಲ್ಲಿ ಹಾಡಿನ ಪಟ್ಟಿ ಇತ್ತು. ಹನ್ನೆರಡು ಹಾಡು, ಹನ್ನೆರಡೂ ಸಾವು, ಅಗಲಿಕೆಯದೇ.

"ಇದರಲ್ಲಿ ಅಮ್ಮ ಹಾಡ್ತಿದ್ದದ್ದು ಯಾವುದು?" ಅಂತ ಕೇಳಿದೆ. ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಒಂದೂ ಇರಲಿಲ್ಲ.

ಈ ಕಾಯಿಲೆಯಲ್ಲಿ ಮನೆಯವರು ಅಪ್ಪನನ್ನೋ ಅಮ್ಮನನ್ನೋ ಎರಡೆರಡು ಸಲ ಕಳೆದುಕೊಂಡಿರುತ್ತಾರೆ. ಜೀವ ಇದ್ದಾಗಲೇ ಒಮ್ಮೆ, ಹೋದಾಗ ಇನ್ನೊಮ್ಮೆ. ಕೊನೆಯ ವರ್ಷಗಳ ಆ ಖಾಲಿ ನೋಟ ಹಿಂದಿನ ಐವತ್ತು ವರ್ಷವನ್ನು ಮುಚ್ಚಿಬಿಡುತ್ತದೆ. ಸತ್ತಾಗ ಅಳು ಬರಲಿಲ್ಲ, ನಿರಾಳ ಅನ್ನಿಸಿತು ಎಂದು ತಪ್ಪು ಮಾಡಿದವರ ಹಾಗೆ ಹೇಳಿಕೊಳ್ಳುವವರು ಎಷ್ಟೋ ಜನ. ಅಮ್ಮ ಅಡುಗೆಮನೆಯಲ್ಲಿ ಗುನುಗುತ್ತಿದ್ದ ತಮಾಷೆಯ ಹಾಡನ್ನು ಹತ್ತು ಜನರ ಮುಂದೆ ಹಾಡಿದರೆ, ಕಾಯಿಲೆಗೆ ಮುಂಚಿನ ಅಮ್ಮ ಸಿಗುತ್ತಾರೆ. ಶೋಕಗೀತೆಯಲ್ಲಿ ಸಿಗುವುದು ಬರೀ ಶೋಕ.

ದುಡ್ಡಿನ ವಿಷಯಕ್ಕೆ ಬರೋಣ. ಜಗತ್ತಿನಲ್ಲಿ ಐದೂವರೆ ಕೋಟಿಗೂ ಜಾಸ್ತಿ ಜನಕ್ಕೆ ಡಿಮೆನ್ಶಿಯಾ, ಅಂದರೆ ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆ, ಇದೆ. ಒಂದು ಸಂಜೆಯ ಹಣ ಅದರ ಮುಂದೆ ಯಾವ ಲೆಕ್ಕ ಅನ್ನಿಸಬಹುದು. ಅದಕ್ಕೇ ಅದನ್ನು ಸಣ್ಣ, ಕಣ್ಣಿಗೆ ಕಾಣುವ ಕೆಲಸಕ್ಕೆ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಸಂಶೋಧನೆಗೆ ಕೊಡಬಾರದು ಅಂತಲ್ಲ. ಆದರೆ ಒಂದು ಆರೈಕೆ ಕೇಂದ್ರಕ್ಕೆ ಹಾಡು ಕೇಳಲು ಹತ್ತು ಹೆಡ್‌ಫೋನ್ ಸಿಕ್ಕರೆ, ಅಥವಾ ಹಗಲೂ ರಾತ್ರಿ ನೋಡಿಕೊಳ್ಳುವ ಒಬ್ಬ ಸೊಸೆಗೆ ವಾರಕ್ಕೆ ನಾಲ್ಕು ಗಂಟೆ ಬಿಡುವು ಸಿಕ್ಕರೆ, ಆ ವಾರವೇ ವ್ಯತ್ಯಾಸ ಗೊತ್ತಾಗುತ್ತದೆ. ಹಣ ನಿಮ್ಮ ಖಾತೆಗೆ ಬರುವುದೇ ಬೇಡ, ನೇರವಾಗಿ ಸಂಸ್ಥೆಗೇ ಹೋಗಲಿ. ಯಾವ ಕೆಲಸಕ್ಕೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಸಭಾಂಗಣ, ಮೈಕಿನ ಖರ್ಚನ್ನು ದಾನದಿಂದ ಕಳೆಯುವುದಾದರೆ ಅದನ್ನೂ ಮುಂಚೆಯೇ ಹೇಳಿಬಿಡಿ, ಆಮೇಲೆ ಹೇಳಿದರೆ ಮನಸ್ಸು ಕಹಿಯಾಗುತ್ತದೆ.

ಜನರ ಮನ ಕರಗಲಿ ಅಂತ ಅಮ್ಮ ಗೊಂದಲದಲ್ಲಿರುವ, ಅಳುತ್ತಿರುವ ವಿಡಿಯೊ ಮಾತ್ರ ಹಾಕಬೇಡಿ. ಅವರಿಗೆ ಬುದ್ಧಿ ಸ್ವಾಧೀನದಲ್ಲಿದ್ದಾಗ ಕೇಳಿದ್ದರೆ ಒಪ್ಪುತ್ತಿದ್ದರಾ? ಇಷ್ಟು ಯೋಚಿಸಿದರೆ ಸಾಕು.

ಆ ಮಗಳ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಆರೈಕೆ ಕೇಂದ್ರದಿಂದ ಕೆಲವು ಹಿರಿಯರನ್ನೂ ಕರೆಸಿದ್ದರು. ಶುರುವಿನಲ್ಲಿ ಸ್ಪೀಕರ್ ಸದ್ದು ಜಾಸ್ತಿಯಾಗಿ ಒಬ್ಬರು ಕಿವಿ ಮುಚ್ಚಿಕೊಂಡು ಎದ್ದೇಬಿಟ್ಟರು. ಸದ್ದು ತಗ್ಗಿಸಿದ ಮೇಲೆ ಬಂದು ಕೂತರು. ಇಂಥವರಿರುವ ಕಡೆ ಮೈಕಿಲ್ಲದೆ ಹಾಡಿದರೇ ವಾಸಿ. ಅಮ್ಮನ ಹಾಡಿನ ಸರದಿ ಬಂತು. ಎರಡನೇ ಸಾಲಿನಲ್ಲಿ ಮಗಳು ಮತ್ತೆ ಅದೇ ಪದ ತಪ್ಪಿದರು! ಮುಂದೆ ಕೂತಿದ್ದ ಚಿಕ್ಕಮ್ಮ ಅಲ್ಲಿಂದಲೇ ಗಟ್ಟಿಯಾಗಿ ತಿದ್ದಿದರು. ಇಡೀ ಸಭೆ ನಕ್ಕಿತು.

ನಿಮ್ಮ ಮನೆಯ ಹಿರಿಯರಿಗೆ ಮರೆವು ಈಗಷ್ಟೇ ಶುರುವಾಗಿದ್ದರೆ ಹಾಡಿನ ಪಟ್ಟಿ ಈಗಲೇ ಮಾಡಿಟ್ಟುಕೊಳ್ಳಿ. ಮದುವೆಗೆ ಮುಂಚೆ ಏನು ಹಾಡುತ್ತಿದ್ದರು, ಯಾವ ಹಾಡು ಕಂಡರೆ ಆಗುವುದಿಲ್ಲ, ಎರಡೂ ಬೇಕು. ಪದ ನೆನಪಾಗದಿದ್ದರೆ ಸುಮ್ನೆ ಗುನುಗಲಿ, ಫೋನಿನಲ್ಲಿ ರೆಕಾರ್ಡ್ ಮಾಡಿ ದಿನಾಂಕ ಹಾಕಿಡಿ.